ಬೀದರ್ ಕೋಟೆಯ ಹಮ್ಮಾಮ್: ಒಂದು ಜಳಕದ ಮನೆಯ ಇತಿಹಾಸ

ದ್ವಿತೀಯ ಪಿಯುಸಿ ತರಗತಿಯಲ್ಲಿ ಬಹಮನಿ ಸುಲ್ತಾನರ ಪಾಠ ನಡೆದಿತ್ತು. ಬೀದರ್ ಕೋಟೆಯೊಳಗಿನ ಕಟ್ಟಡಗಳ ಹೆಸರನ್ನು ಹಲಗೆಯ ಮೇಲೆ ಬರೆಯುತ್ತಿದ್ದೆ: ರಂಗೀನ್ ಮಹಲ್, ತರ್ಕಶ್ ಮಹಲ್, ಗಗನ್ ಮಹಲ್, ಸೋಲಾ ಖಂಬ ಮಸೀದಿ, ಹಮ್ಮಾಮ್. ಕೊನೆಯ ಹೆಸರು ಬರೆಯುತ್ತಿದ್ದಂತೆ ಹಿಂದಿನ ಬೆಂಚಿನಿಂದ ಒಂದು ದನಿ ಬಂತು: "ಸರ, ಹಮಾಮ ಅಂದ್ರ ಸಾಬೂನ ಅಲ್ಲೇನ್ರಿ?"

ತರಗತಿಯೆಲ್ಲ ನಕ್ಕಿತು. ಆದರೆ ಆ ಹುಡುಗ ಕೇಳಿದ್ದು ತಪ್ಪಾಗಿರಲಿಲ್ಲ. ಟಾಟಾ ಆಯಿಲ್ ಮಿಲ್ಸ್ ಕಂಪನಿ ಹೊರತಂದ ಆ ಹಸಿರು ಸಾಬೂನಿಗೆ ಆ ಹೆಸರು ಬಂದದ್ದೇ ಈ ಜಳಕದ ಮನೆಯಿಂದ. ಸಾಬೂನು ನಮ್ಮ ಬಚ್ಚಲಿಗೆ ಬಂತು, ಕಟ್ಟಡ ಮಾತ್ರ ಬೀದರಿನಲ್ಲೇ ಉಳಿಯಿತು. ನಗು ನಿಂತ ಮೇಲೆ ಇನ್ನಿಬ್ಬರು ಎದ್ದರು. ಒಬ್ಬಳು, "ಇದು ನಮ್ಮವರ ಕಂಡುಹಿಡಿದಿದ್ದಲ್ಲೇನ್ರಿ ಸರ, ಟರ್ಕಿಶ್ ಬಾತ್ ಅಂತಾರಲ್ರಿ?" ಎಂದಳು. ಇನ್ನೊಬ್ಬ, "ಅದು ಹೊರಗಿನವರು ತಂದಿದ್ದು, ನಮ್ಮ ದೇಶದಾಗ ಹೊಳ್ಯಾಗ ಜಳಕ ಮಾಡ್ತಿದ್ರು" ಎಂದ. ಅವನ ಮಾತಿಗೂ ಕಾರಣವಿದೆ. ನಮ್ಮ ಊರಿನ ಹೆಸರಿನಲ್ಲೇ ಹೊಳೆ ಇದೆ, ಮಲಪ್ರಭೆ ಊರಿನ ಪಕ್ಕದಲ್ಲೇ ಹರಿಯುತ್ತಾಳೆ.

ಗಂಟೆ ಬಾರಿಸಿದ್ದರಿಂದ ಆ ದಿನ ಉತ್ತರ ಹೇಳಲಾಗಲಿಲ್ಲ. ಹಾಗಾಗಿ ಈ ಲೇಖನ. ಮೊದಲೇ ಹೇಳಿಬಿಡುತ್ತೇನೆ, ಇಬ್ಬರ ಮಾತೂ ಅರ್ಧ ಸರಿ. ಪರೀಕ್ಷೆಯಲ್ಲಿ ಅರ್ಧ ಸರಿಗೆ ಅರ್ಧ ಅಂಕ ಸಿಗುತ್ತದೆ. ಇತಿಹಾಸದಲ್ಲಿ ಮಾತ್ರ ಅರ್ಧ ಸರಿ ಇರುವ ಮಾತೇ ಹೆಚ್ಚು ಜಗಳ ಹಚ್ಚುವುದು.

ಹೆಸರಿನಿಂದ ಆರಂಭಿಸೋಣ

ಹಮ್ಮಾಮ್ ಅರಬ್ಬಿ ಶಬ್ದ. ಅದರ ಮೂಲಧಾತುವಿನಲ್ಲಿರುವುದು ಬಿಸಿ ಎಂಬ ಅರ್ಥ. ಅರಬ್ಬಿ ಓದುವವರಿಗೆ ಜ್ವರಕ್ಕೆ 'ಹುಮ್ಮಾ' ಎನ್ನುವುದು ಗೊತ್ತಿರಬೇಕು. ಎರಡೂ ಒಂದೇ ಬೇರಿನವು. ಅಂದರೆ ಹಮ್ಮಾಮ್ ಎಂದರೆ ಬರೀ ನೀರಿರುವ ಜಾಗವಲ್ಲ, ಕಾಯಿಸಿದ ಜಾಗ. ಇದನ್ನು ನೆನಪಿಟ್ಟುಕೊಂಡರೆ ಪರೀಕ್ಷೆಯ ಒಂದು ತಪ್ಪು ತಪ್ಪುತ್ತದೆ. ಅನೇಕ ಉತ್ತರಪತ್ರಿಕೆಗಳಲ್ಲಿ 'ಹಮ್ಮಾಮ್ ಎಂದರೆ ಈಜುಕೊಳ' ಎಂದು ಓದಿದ್ದೇನೆ. ಈಜುಕೊಳ ಅಲ್ಲ. ಮೊಹೆಂಜೊದಾರೊದ ದೊಡ್ಡ ಸ್ನಾನದ ಕೊಳ, ಲಕ್ಕುಂಡಿಯ ಮೆಟ್ಟಿಲು ಬಾವಿ, ಹಂಪಿಯ ರಾಣಿಯರ ಸ್ನಾನಗೃಹ ಇವೆಲ್ಲ ತಣ್ಣೀರಿನ ಕಟ್ಟಡಗಳು. ಹಂಪಿಯದರಲ್ಲಿ ಕಮಾನು, ಗುಮ್ಮಟ, ಚಾಚಿದ ಮೊಗಸಾಲೆಗಳಿವೆ. ನೋಡಿದ ಕೂಡಲೇ ಸುಲ್ತಾನರ ಕಟ್ಟಡಗಳ ನೆನಪಾಗುತ್ತದೆ. ಆದರೆ ನಡುವೆ ಇರುವುದು ಆಕಾಶಕ್ಕೆ ತೆರೆದ ಕೊಳ, ಒಲೆಯಿಲ್ಲ. ಕಮಾನು ಕಂಡ ಮಾತ್ರಕ್ಕೆ ಹಮ್ಮಾಮ್ ಎನ್ನಬಾರದು, ಒಲೆ ಎಲ್ಲಿದೆ ಎಂದು ಹುಡುಕಬೇಕು.

'ಟರ್ಕಿಶ್ ಬಾತ್' ಎಂಬ ಹೆಸರನ್ನು ಇಟ್ಟವರು ತುರ್ಕರಲ್ಲ. ಅವರು ಅದನ್ನು ಹಮಾಮ್ ಎಂದೇ ಕರೆಯುತ್ತಾರೆ. ತುರ್ಕಿಗೆ ಹೋಗಿ ಬಂದ ಯುರೋಪಿನವರು ಅಲ್ಲಿ ಕಂಡದ್ದಕ್ಕೆ ಆ ದೇಶದ ಹೆಸರು ಹಚ್ಚಿದರು. ನಾವು ಹಿತ್ತಲಲ್ಲಿ ಬೆಳೆಯುವ ಮೆಣಸಿನಕಾಯಿಗೆ ಬ್ಯಾಡಗಿ ಎನ್ನುವುದಿಲ್ಲವೇ, ಹಾಗೆ.

ಹಾಗಾದರೆ ಮೊದಲು ಕಟ್ಟಿದವರು ಯಾರು?

ಕಾದ ನೆಲದ ಜಳಕದ ಮನೆಯನ್ನು ಊರೂರಿಗೂ ಹರಡಿದವರು ರೋಮನ್ನರು. ನೆಲವನ್ನು ಗಿಡ್ಡ ಕಂಬಗಳ ಮೇಲೆ ನಿಲ್ಲಿಸಿ, ಅದರ ಕೆಳಗೆ ಬಿಸಿಗಾಳಿ ಹಾಯಿಸುವ ತಂತ್ರ ಅವರಲ್ಲಿತ್ತು. ತಣ್ಣನೆಯ ಕೋಣೆ, ಬೆಚ್ಚನೆಯ ಕೋಣೆ, ಸುಡುವ ಕೋಣೆ ಎಂಬ ಸಾಲೂ ಅವರದೇ. ಸಿರಿಯಾ, ಜೋರ್ಡಾನ್ ಭಾಗಗಳು 7ನೇ ಶತಮಾನದಲ್ಲಿ ಅರಬರ ಆಳ್ವಿಕೆಗೆ ಬಂದಾಗ ಇಂತಹ ಸ್ನಾನಗೃಹಗಳು ಅಲ್ಲಿ ಬಳಕೆಯಲ್ಲಿದ್ದವು. ಉಮಯ್ಯದ್ ದೊರೆಗಳು ಅವನ್ನು ಕೆಡವಲಿಲ್ಲ, ತಾವೂ ಕಟ್ಟಿಸಿದರು. ಜೋರ್ಡಾನಿನ ಮರುಭೂಮಿಯಲ್ಲಿ ಕುಸೈರ್ ಅಮ್ರಾ ಎಂಬ ಚಿಕ್ಕ ಕಟ್ಟಡವಿದೆ. 8ನೇ ಶತಮಾನದ ಮೊದಲ ಭಾಗದ್ದು. ಅದರ ಬಿಸಿಕೋಣೆಯ ಗುಮ್ಮಟದ ಒಳಮೈಗೆ ನಕ್ಷತ್ರರಾಶಿಗಳ ಚಿತ್ರ ಬರೆಯಲಾಗಿದೆ. 1985ರಲ್ಲಿ ಅದು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಆದ್ದರಿಂದ 'ನಮ್ಮವರು ಕಂಡುಹಿಡಿದದ್ದು' ಎಂದು ಬರೆದರೆ ತಪ್ಪು. ಆದರೆ ಅವರು ಮಾಡಿದ ಬದಲಾವಣೆ ಸಣ್ಣದಲ್ಲ. ರೋಮನ್ನರ ಸ್ನಾನಗೃಹಕ್ಕೆ ವ್ಯಾಯಾಮದ ಅಂಗಳ, ದೊಡ್ಡ ತಣ್ಣೀರಿನ ಕೊಳ ಅಂಟಿಕೊಂಡಿದ್ದವು. ಮುಸ್ಲಿಂ ನಾಡುಗಳಲ್ಲಿ ಅವು ಕುಗ್ಗಿ ಹೋದವು, ಬಿಸಿಕೋಣೆಯೇ ಮುಖ್ಯವಾಯಿತು. ನಿಂತ ನೀರಿನಲ್ಲಿ ಮುಳುಗುವ ಬದಲು ತೊಟ್ಟಿಯಿಂದ ನೀರು ಮೊಗೆದು ಮೈಮೇಲೆ ಸುರಿದುಕೊಳ್ಳುವ ರೂಢಿ ಬಲವಾಯಿತು. ಇದರ ಹಿಂದೆ ತಹಾರತ್, ಅಂದರೆ ಶುದ್ಧಿಯ ಕಲ್ಪನೆ ಇದೆ. ನಮಾಜಿಗೆ ವುಜೂ ಬೇಕು, ಕೆಲವು ಸಂದರ್ಭಗಳಲ್ಲಿ ಗುಸ್ಲ್, ಅಂದರೆ ಮೈಯೆಲ್ಲ ನೀರು ಹಾಯುವ ಸ್ನಾನ ಕಡ್ಡಾಯ. ಮನೆಮನೆಗೆ ಬಚ್ಚಲಿಲ್ಲದ ಕಾಲದ ಊರಿನಲ್ಲಿ, ಅದೂ ಚಳಿಗಾಲದಲ್ಲಿ, ಇದಕ್ಕೆ ವ್ಯವಸ್ಥೆ ಏನು? ಮಸೀದಿಯ ಹತ್ತಿರವೇ ಹಮ್ಮಾಮ್ ಕಟ್ಟುವುದು ಹಾಗೆ ರೂಢಿಗೆ ಬಂತು.

ಹಾಗಂತ ಎಲ್ಲ ವಿದ್ವಾಂಸರೂ ಇದನ್ನು ಕಣ್ಣು ಮುಚ್ಚಿ ಒಪ್ಪಲಿಲ್ಲ. ಹತ್ತು ಜನ ಸೇರಿ ಸ್ನಾನ ಮಾಡುವ ಜಾಗದಲ್ಲಿ ನಾಚಿಕೆ ಉಳಿಯುವುದೇ ಎಂಬ ಅನುಮಾನ ಮೊದಲಿನಿಂದ ಇತ್ತು. 1111ರಲ್ಲಿ ತೀರಿಕೊಂಡ ಇಮಾಮ್ ಗಜಾಲಿ ತಮ್ಮ ದೊಡ್ಡ ಗ್ರಂಥದ ಶುದ್ಧಿಯ ಅಧ್ಯಾಯದಲ್ಲಿ ಹಮ್ಮಾಮಿನ ನಡವಳಿಕೆಗೇ ಜಾಗ ಕೊಟ್ಟಿದ್ದಾರೆ. ಮೈ ಮುಚ್ಚಿಕೊಂಡಿರಬೇಕು, ಇನ್ನೊಬ್ಬರ ಮೇಲೆ ಕಣ್ಣು ಹಾಯಬಾರದು, ನೀರು ಬೇಕಾಬಿಟ್ಟಿ ಚೆಲ್ಲಬಾರದು, ಆ ಬಿಸಿಯಲ್ಲಿ ನರಕದ ಬಿಸಿ ನೆನಪಾಗಬೇಕು ಎಂಬುದು ಅವರ ಮಾತಿನ ಸಾರ. ನೀರಿನ ಮಾತು ನನಗೆ ವಿಶೇಷವಾಗಿ ಹಿಡಿಸಿತು. ಪಕ್ಕದ ನರಗುಂದದಲ್ಲಿ ಮಹದಾಯಿ ನೀರಿಗಾಗಿ ರೈತರು 2015ರಿಂದ ಧರಣಿ ಕೂತದ್ದನ್ನು ಕಂಡವರು ನಾವು. ನಮ್ಮ ಕಾಲೇಜಿನ ನಳ ಸೋರುತ್ತಿರುತ್ತದೆ, ಅದರ ಮುಂದೆಯೇ ಹಾದು ಹೋಗುತ್ತೇವೆ.

ಅಂಕಿಗಳನ್ನು ನಂಬುವ ಮೊದಲು ಲೆಕ್ಕ ಹಾಕಬೇಕು ಎಂಬುದಕ್ಕೆ ಇಲ್ಲೊಂದು ಒಳ್ಳೆಯ ಉದಾಹರಣೆ ಸಿಗುತ್ತದೆ. 11ನೇ ಶತಮಾನದ ಅಲ್-ಖತೀಬ್ ಅಲ್-ಬಗ್ದಾದಿ ಎಂಬ ಇತಿಹಾಸಕಾರರು ಬಾಗ್ದಾದಿನಲ್ಲಿ ಹಿಂದೆ 60,000 ಹಮ್ಮಾಮುಗಳಿದ್ದವು ಎಂಬ ಮಾತನ್ನು ದಾಖಲಿಸಿದ್ದಾರೆ. ಒಂದೊಂದಕ್ಕೆ ಕನಿಷ್ಠ 5 ಜನ ಕೆಲಸಗಾರರು, ಒಂದೊಂದಕ್ಕೆ 5 ಮಸೀದಿಗಳು ಎಂದೂ ಇದೆ. ಗುಣಿಸಿ ನೋಡಿ: 3 ಲಕ್ಷ ಕೆಲಸಗಾರರು, 3 ಲಕ್ಷ ಮಸೀದಿಗಳು! ಬಾಗ್ದಾದ್ ಬಹು ದೊಡ್ಡ ನಗರವಾಗಿತ್ತು ಎಂಬುದನ್ನು ಇದರಿಂದ ತಿಳಿಯಬಹುದು, ಹಮ್ಮಾಮುಗಳ ಎಣಿಕೆಯನ್ನಲ್ಲ. ನಮ್ಮ ಕೆಲವು ಪುಸ್ತಕಗಳು ಇಂತಹ ಅಂಕಿಯನ್ನು ಹೆಮ್ಮೆಯಿಂದ ಹಾಗೇ ಎತ್ತಿಕೊಳ್ಳುತ್ತವೆ. ನೀವು ಎತ್ತಿಕೊಳ್ಳಬೇಡಿ.

ಕಟ್ಟಡ ಕೆಲಸ ಮಾಡುವ ಬಗೆ

ವಿಜ್ಞಾನ ವಿಭಾಗದವರು ಇಲ್ಲಿ ಸ್ವಲ್ಪ ಗಮನ ಕೊಡಬೇಕು. ಉಷ್ಣ ಸಾಗುವ ಮೂರು ದಾರಿಗಳನ್ನು ನೀವು ಕಲಿತಿದ್ದೀರಿ: ವಹನ, ಸಂವಹನ, ವಿಕಿರಣ. ಮೂರೂ ಒಂದೇ ಕಟ್ಟಡದಲ್ಲಿ ಸಿಗುತ್ತವೆ.

ಇಸ್ತಾಂಬುಲಿನ ಒಂದು ಹಮಾಮನ್ನು ಕಣ್ಣ ಮುಂದೆ ತಂದುಕೊಳ್ಳಿ. ಗೋಡೆಯ ಹಿಂಬದಿಗೆ ಕುಲ್ಹಾನ್ ಎಂಬ ದೊಡ್ಡ ಒಲೆ. ಅದರ ಮೇಲೆ ನೀರಿನ ದೊಡ್ಡ ಕೊಪ್ಪರಿಗೆ. ನಮ್ಮ ಬಚ್ಚಲ ಹಂಡೆ ನೆನೆಸಿಕೊಳ್ಳಿ, ಅದನ್ನು ಹತ್ತಾರು ಪಟ್ಟು ಹಿಗ್ಗಿಸಿ. ನಮ್ಮ ಒಲೆಯಲ್ಲಿ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಉರಿದು ಹೊಗೆ ನೇರ ಮೇಲೆ ಹೋಗುತ್ತದೆ, ಬಿಸಿಯಲ್ಲಿ ಅರ್ಧ ದಂಡ. ಹಮ್ಮಾಮಿನಲ್ಲಿ ಹಾಗೆ ಬಿಡುವುದಿಲ್ಲ. ಬೆಂಕಿಯ ಬಿಸಿಗಾಳಿ ನೇರ ಹೊರಗೆ ಹೋಗದೆ ನೆಲದ ಕೆಳಗಿನ ಟೊಳ್ಳಿನಲ್ಲಿ ಹಾಯುತ್ತದೆ. ತುರ್ಕರು ಆ ಟೊಳ್ಳಿಗೆ ನರಕ ಎಂಬರ್ಥದ 'ಜೆಹೆನ್ನೆಮ್‌ಲಿಕ್' ಎಂದು ಹೆಸರಿಟ್ಟಿದ್ದಾರೆ, ಜಹನ್ನಮ್ ಶಬ್ದದಿಂದ. ಅಲ್ಲಿಂದ ಬಿಸಿ ಗೋಡೆಯೊಳಗೆ ಕೂಡಿಸಿದ ಮಣ್ಣಿನ ಕೊಳವೆಗಳ ಮೂಲಕ ಮೇಲೇರಿ ಹೊರಹೋಗುತ್ತದೆ. ಹೀಗೆ ನೆಲ ಕಾಯುತ್ತದೆ, ಗೋಡೆ ಕಾಯುತ್ತದೆ. ಒಳಗೆ ಕೂತವನ ಮೈಗೆ ಹೊಗೆ ಮಾತ್ರ ತಾಕುವುದಿಲ್ಲ.

ಒಲೆಗೆ ಹತ್ತಿರದ ಕೋಣೆ ಅತಿ ಬಿಸಿ, ದೂರದ್ದು ತಂಪು. ಹೊರಗಿನಿಂದ ಬಂದವನು ಮೊದಲು ತಂಪು ಕೋಣೆಯಲ್ಲಿ ಬಟ್ಟೆ ಬಿಚ್ಚಿಟ್ಟು ಸೊಂಟಕ್ಕೆ ಪಂಚೆ ಸುತ್ತಿಕೊಳ್ಳುತ್ತಾನೆ. ಕಾಲಿಗೆ ಮರದ ಪಾದುಕೆ, ನೆಲ ಸುಡುತ್ತದೆ ಮತ್ತು ಜಾರುತ್ತದೆ. ಆಮೇಲೆ ಬೆಚ್ಚನೆಯ ಕೋಣೆ, ಮೈ ಒಗ್ಗುವವರೆಗೆ. ಕೊನೆಗೆ ಬಿಸಿಕೋಣೆ. ಅದರ ನಟ್ಟನಡುವೆ ಸಂಗಮರಮರಿಯ ಕಟ್ಟೆ, ಅದಕ್ಕೆ ಅವರು ಹೊಕ್ಕುಳಗಲ್ಲು ಎನ್ನುತ್ತಾರೆ. ಅದರ ಮೇಲೆ ಮಲಗಿ ಬೆವರಬೇಕು. ಚೆನ್ನಾಗಿ ಬೆವರಿದ ಮೇಲೆ ತೆಲ್ಲಾಕ್ ಎಂಬ ಕೆಲಸಗಾರ ಒರಟು ಕೈಚೀಲ ತೊಟ್ಟು ಮೈ ಉಜ್ಜುತ್ತಾನೆ. ಸತ್ತ ಚರ್ಮ ಸುರುಳಿ ಸುರುಳಿಯಾಗಿ ಬರುತ್ತದೆ. ಗೋಡೆಗುಂಟ ಕಲ್ಲಿನ ತೊಟ್ಟಿಗಳು, 'ತಾಸ್' ಎಂಬ ಬಟ್ಟಲಿನಿಂದ ನೀರು ಸುರಿದುಕೊಳ್ಳುವುದು. ನಾವು ತಂಬಿಗೆಯಿಂದ ಸುರಿದುಕೊಳ್ಳುವಂತೆಯೇ. ಟಬ್ಬಿನಲ್ಲಿ ಮಲಗಿ ಅದೇ ನೀರಿನಲ್ಲಿ ಹೊರಳುವ ಯುರೋಪಿನ ಪದ್ಧತಿಗಿಂತ ಇದು ನಮ್ಮ ಬಚ್ಚಲಿಗೆ ಹತ್ತಿರ.

ಮೇಲೆ ಗುಮ್ಮಟ ಏಕೆ? ಬರೀ ಅಂದಕ್ಕಲ್ಲ. ಉಗಿ ಮೇಲೇರಿ ತಂಪಾಗಿ ಹನಿಗಟ್ಟುತ್ತದೆ. ಚಪ್ಪಟೆ ಮಾಳಿಗೆಯಾದರೆ ಹನಿ ತಲೆಯ ಮೇಲೆ ತಟಪಟ ಬೀಳುತ್ತದೆ. ಗುಮ್ಮಟವಾದರೆ ಅದರ ಬಾಗಿನಗುಂಟ ಇಳಿದು ಗೋಡೆ ಸೇರುತ್ತದೆ. ಕಿಟಕಿ ಇಟ್ಟರೆ ಬಿಸಿ ಹೋಗುತ್ತದೆ, ಮಾನವೂ ಹೋಗುತ್ತದೆ. ಆದ್ದರಿಂದ ಗುಮ್ಮಟದಲ್ಲೇ ಚಿಕ್ಕ ಚಿಕ್ಕ ತೂತು ಕೊರೆದು ದಪ್ಪ ಗಾಜು ಕೂಡಿಸಿದರು. ತುರ್ಕರು ಅದನ್ನು ಆನೆಯ ಕಣ್ಣು ಎನ್ನುತ್ತಾರೆ.

ಇಸ್ತಾಂಬುಲ್: ಜಳಕದ ದುಡ್ಡಿನಿಂದ ನಡೆದ ಗ್ರಂಥಾಲಯ

ಹಮ್ಮಾಮು ಅತ್ಯಂತ ವೈಭವಕ್ಕೆ ಏರಿದ್ದು ಒಟ್ಟೊಮನ್ ತುರ್ಕರ ಕಾಲದಲ್ಲಿ. ಸುಲ್ತಾನ್ ಸುಲೈಮಾನರ ಪತ್ನಿ ಹುರ್ರೆಮ್ ಸುಲ್ತಾನಾ ಹೆಸರಿನ ಹಮಾಮನ್ನು ಅಯಾಸೋಫಿಯಾದ ಹತ್ತಿರ 1556ರ ಹೊತ್ತಿಗೆ ಕಟ್ಟಿದವರು ಮಹಾಶಿಲ್ಪಿ ಸಿನಾನ್. ಗಂಡಸರ ಭಾಗ, ಹೆಂಗಸರ ಭಾಗ ಕನ್ನಡಿಯಲ್ಲಿ ಕಂಡಂತೆ ಬೆನ್ನಿಗೆ ಬೆನ್ನು ಹಚ್ಚಿ ನಿಂತಿವೆ. 1584ರ ಚೆಂಬರ್ಲಿತಾಶ್ ಹಮಾಮನ್ನು ನೂರ್‌ಬಾನು ಸುಲ್ತಾನಾ ಕಟ್ಟಿಸಿದರು, ಅದು ಈಗಲೂ ನಡೆಯುತ್ತಿದೆ.

ರಾಣಿಯರು ಜಳಕದ ಮನೆ ಏಕೆ ಕಟ್ಟಿಸುತ್ತಿದ್ದರು ಎಂಬುದರಲ್ಲಿ ವಾಣಿಜ್ಯ ವಿಭಾಗದವರಿಗೆ ಪಾಠವಿದೆ. ಹಮಾಮಿಗೆ ಬಂದವರು ದುಡ್ಡು ಕೊಡುತ್ತಾರೆ. ಆ ವರಮಾನವನ್ನು ವಕ್ಫ್ ಮಾಡಿ ಮಸೀದಿ, ಮದರಸಾ, ಬಡವರ ಅಡುಗೆಮನೆಗಳಿಗೆ ಬಿಡುತ್ತಿದ್ದರು. 1741ರ ಜಗಾಲೋಗ್ಲು ಹಮಾಮಿನ ಆದಾಯ ಹೋದದ್ದು ಅಯಾಸೋಫಿಯಾದಲ್ಲಿ 1ನೇ ಮಹಮೂದ್ ಸುಲ್ತಾನರು ಸ್ಥಾಪಿಸಿದ ಗ್ರಂಥಾಲಯಕ್ಕೆ. ಜನ ಮೈ ತೊಳೆದುಕೊಂಡ ಹಣದಿಂದ ಪುಸ್ತಕಗಳ ಪಾಲನೆ! ಸಂಸ್ಥೆಯೊಂದನ್ನು ಕಟ್ಟುವಾಗ ಕಟ್ಟಡದ ಜೊತೆಗೆ ಅದನ್ನು ನಡೆಸುವ ಆದಾಯವನ್ನೂ ಕಟ್ಟಿಡುವ ಈ ಲೆಕ್ಕಾಚಾರ, ನಮ್ಮಲ್ಲಿ ಉದ್ಘಾಟನೆಯ ಕಲ್ಲು ಹಾಕಿ ಮರೆಯುವವರಿಗೆ ತಿಳಿಯಬೇಕಾದದ್ದು.

ಎಲ್ಲವೂ ಚಂದವಿತ್ತು ಎಂದಲ್ಲ. ಒಲೆಯ ಬೂದಿಯಲ್ಲಿ, ಅದರ ಬೆಚ್ಚಗಿನ ಮೂಲೆಗಳಲ್ಲಿ ಇಸ್ತಾಂಬುಲಿನ ಅನಾಥ ಹುಡುಗರು ಮಲಗುತ್ತಿದ್ದರು. ಅವರಿಂದಲೇ 'ಕುಲ್ಹಾನ್‌ಬೇ', ಒಲೆಮನೆಯ ದೊರೆ, ಎಂಬ ಮಾತು ಹುಟ್ಟಿ ಮುಂದೆ ಪುಂಡ ಎಂಬ ಅರ್ಥಕ್ಕೆ ತಿರುಗಿತು. ಸಂಗಮರಮರಿಯ ಮೇಲೆ ಮಲಗಿದವನಿಗೂ ಗೋಡೆಯಾಚೆ ಬೂದಿಯಲ್ಲಿ ಮಲಗಿದವನಿಗೂ ಬಿಸಿ ಬರುತ್ತಿದ್ದದ್ದು ಒಂದೇ ಬೆಂಕಿಯಿಂದ. ಕಟ್ಟಿಗೆಯ ಖರ್ಚೂ ವಿಪರೀತ. 1768ರಲ್ಲಿ 3ನೇ ಮುಸ್ತಫಾ ಸುಲ್ತಾನರು ರಾಜಧಾನಿಯಲ್ಲಿ ಹೊಸ ದೊಡ್ಡ ಹಮಾಮ್ ಕಟ್ಟುವುದನ್ನೇ ನಿಷೇಧಿಸಿದರು. ನೀರು, ಕಟ್ಟಿಗೆ ಎರಡೂ ಸಾಲದಾಗಿದ್ದವು.

ಹೆಂಗಸರ ಹಮಾಮಿನ ಬಗ್ಗೆ ಒಂದು ಮಾತು. 1717ರಲ್ಲಿ ಇಂಗ್ಲಿಷ್ ರಾಯಭಾರಿಯ ಪತ್ನಿ ಮೇರಿ ವರ್ಟ್ಲಿ ಮಾಂಟೆಗ್ಯು ಸೋಫಿಯಾ ನಗರದ ಹಮಾಮಿಗೆ ಹೋಗಿ ಬಂದು ಪತ್ರ ಬರೆದರು. ಹೆಂಗಸರು ಊರಿನ ಸುದ್ದಿಯೆಲ್ಲ ಮಾತಾಡುವ, ಗಂಡಸರಿಗೆ ಕಾಫಿ ಅಂಗಡಿ ಇದ್ದಂತೆ ಇರುವ ಜಾಗ ಅದು ಎಂಬುದು ಅವರ ಗ್ರಹಿಕೆ. ಅವರ ಸಭ್ಯತೆಯನ್ನೂ ಆಕೆ ಮೆಚ್ಚಿದ್ದರು. ತುರ್ಕಿಯಲ್ಲಿ ಕಂಡ ಸಿಡುಬು ತಡೆಯುವ ಚುಚ್ಚುವಿಕೆಯ ಪದ್ಧತಿಯನ್ನು ಇಂಗ್ಲೆಂಡಿಗೆ ಒಯ್ದವರೂ ಇವರೇ. ಮುಂದೆ 1862ರಲ್ಲಿ ಫ್ರಾನ್ಸಿನ ಆಂಗ್ರ್ ಎಂಬ ಚಿತ್ರಕಾರ ಇಂತಹ ಬರಹಗಳನ್ನು ಓದಿ 'ಟರ್ಕಿಶ್ ಬಾತ್' ಎಂಬ ಪ್ರಸಿದ್ಧ ಚಿತ್ರ ಬರೆದ. ಆತ ಪೂರ್ವದೇಶಗಳಿಗೆ ಒಮ್ಮೆಯೂ ಹೋದವನಲ್ಲ. ಹೋಗಿ ನೋಡಿದ ಹೆಂಗಸು ಒಂದು ಸಮಾಜವನ್ನು ಕಂಡಳು, ಹೋಗದ ಗಂಡಸು ಬರೀ ಮೈಗಳನ್ನು ಕಂಡ. ಮೊಬೈಲಿನಲ್ಲಿ ಹಮಾಮ್ ಎಂದು ಹುಡುಕಿದರೆ ಇಂದಿಗೂ ಮುಂದೆ ಬರುವುದು ಎರಡನೆಯವನ ಕಣ್ಣೇ.

ಹಮ್ಮಾಮ್ ಒಂದು ಜನಾಂಗದ ಗುರುತಾಗಿ ಶಿಕ್ಷೆಗೂ ಕಾರಣವಾಯಿತು. 1492ರಲ್ಲಿ ಗ್ರನಾಡಾ ಬಿದ್ದ ಮೇಲೆ ಸ್ಪೇನಿನಲ್ಲಿ ಮತಾಂತರಗೊಂಡು ಉಳಿದ ಮುಸ್ಲಿಮರಿಗೆ 1567ರ ರಾಜಾಜ್ಞೆ ಅರಬ್ಬಿ ಭಾಷೆ, ಹಳೆಯ ಉಡುಗೆಗಳ ಜೊತೆಗೆ ಸ್ನಾನಗೃಹಗಳನ್ನೂ ನಿಷೇಧಿಸಿತು. ಜಳಕ ಮಾಡುವುದೂ ಅನುಮಾನಕ್ಕೆ ಗುರಿಯಾಗಬಹುದು ಎಂದು ಯಾರಾದರೂ ಊಹಿಸಿದ್ದರೇ?

ನಮ್ಮ ನಾಡಿಗೆ

ಈಗ ಎರಡನೆಯ ಹುಡುಗನ ಮಾತಿಗೆ ಬರೋಣ. ಹಮ್ಮಾಮ್ ಎಂಬ ಕಟ್ಟಡ ಹೊರಗಿನಿಂದ ಬಂತು ಎಂಬುದು ನಿಜ. ಆದರೆ ಬೆವರಿಳಿಸುವ ಸ್ನಾನ ಇಲ್ಲಿ ಹೊಸದಲ್ಲ. ಬೌದ್ಧ ಭಿಕ್ಷುಗಳ ವಿನಯ ಗ್ರಂಥಗಳಲ್ಲಿ 'ಜಂತಾಘರ' ಎಂಬ ಬೆಂಕಿ ಹಾಕಿದ ಸ್ನಾನದ ಕೋಣೆಯ ನಿಯಮಗಳಿವೆ. ಚರಕಸಂಹಿತೆ ಹೇಳುವ ಸ್ವೇದನ ಚಿಕಿತ್ಸೆಗಳಲ್ಲಿ 'ಜೇಂತಾಕ' ಎಂಬುದು ಒಂದು ಕಾದ ಕೋಣೆಯೇ. ಇನ್ನೂ ಹತ್ತಿರಕ್ಕೆ ಬಂದರೆ, ಕಲ್ಯಾಣದ ಚಾಲುಕ್ಯ ದೊರೆ 3ನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಅರಸನ ಭೋಗಗಳ ಸಾಲಿನಲ್ಲಿ ಸ್ನಾನಕ್ಕೇ ಒಂದು ಭಾಗವಿದೆ. ಆ ಕಲ್ಯಾಣ, ಅಂದರೆ ಬಸವಕಲ್ಯಾಣ, ಇರುವುದು ಬೀದರ್ ಜಿಲ್ಲೆಯಲ್ಲೇ. ಹಮ್ಮಾಮ್ ಬಂದಿಳಿದದ್ದು ಜಳಕದ ಬಗ್ಗೆ ಗ್ರಂಥ ಬರೆದಿದ್ದ ನೆಲಕ್ಕೆ.

ತಂದವರು ಹೆಚ್ಚಾಗಿ ಇರಾನಿನ ಕಡೆಯವರು. ಬಹಮನಿ ಅರಸರು ಅಲ್ಲಿಂದ ವಿದ್ವಾಂಸರನ್ನು, ಕುಶಲಿಗಳನ್ನು, ಸೈನಿಕರನ್ನು ಕರೆಸಿಕೊಂಡರು. ಮಹಮೂದ್ ಗವಾನ್ ಬಂದದ್ದು ಇರಾನಿನ ಗೀಲಾನಿನಿಂದ, ಅವರ ಬೀದರ್ ಮದರಸಾ ಮುಗಿದದ್ದು 1472ರಲ್ಲಿ. ಆದ್ದರಿಂದ ನಮ್ಮ ನಾಡಿನ ಹಮ್ಮಾಮಿಗೆ 'ಟರ್ಕಿಶ್' ಎನ್ನುವುದಕ್ಕಿಂತ ಪರ್ಷಿಯನ್ ಎನ್ನುವುದು ಹೆಚ್ಚು ಸರಿ ಎಂಬುದು ನನ್ನ ಅಭಿಪ್ರಾಯ. ಇರಾನಿನ ಹಮ್ಮಾಮುಗಳಲ್ಲಿ ಬಟ್ಟೆ ಬಿಚ್ಚುವ ಕೋಣೆಗೆ ಸರ್ಬೀನೆ, ಬಿಸಿಕೋಣೆಗೆ ಗರ್ಮ್‌ಖಾನೆ ಎಂಬ ಹೆಸರು. ಮುಳುಗಿ ಏಳುವ ಬಿಸಿನೀರಿನ ತೊಟ್ಟಿಯೂ ಅಲ್ಲಿರುತ್ತಿತ್ತು. ಒಂದೇ ನೀರಿನಲ್ಲಿ ಊರೆಲ್ಲ ಮುಳುಗಿದರೆ ಏನಾಗುತ್ತದೆ ಎಂಬುದು ಜೀವಶಾಸ್ತ್ರದವರಿಗೆ ಗೊತ್ತು. 20ನೇ ಶತಮಾನದಲ್ಲಿ ಇರಾನ್ ಸರ್ಕಾರ ಆ ತೊಟ್ಟಿಗಳನ್ನು ಮುಚ್ಚಿಸಿ ಶವರ್ ಹಾಕಿಸಿತು.

ಕರ್ನಾಟಕದ ಹಳೆಯ ಹಮ್ಮಾಮುಗಳನ್ನು ಹುಡುಕಿದರೆ ಮೊದಲು ಸಿಗುವುದು ಫಿರೋಜಾಬಾದ್. ಕಲಬುರಗಿಯ ದಕ್ಷಿಣಕ್ಕೆ, ಭೀಮಾ ನದಿಯ ದಡದಲ್ಲಿ, 1397ರಿಂದ 1422ರವರೆಗೆ ಆಳಿದ ಫಿರೋಜ್ ಶಹಾ ಬಹಮನಿ 1400ರ ಸುಮಾರಿಗೆ ಕಟ್ಟಿಸಿದ ಅರಮನೆಯ ಊರು. ಮೂರು ಕಡೆ ಕೋಟೆಗೋಡೆ, ಒಂದು ಕಡೆ ಹೊಳೆ. ಒಳಗೆ ದೊಡ್ಡ ಜಾಮಿ ಮಸೀದಿ, ಅರಮನೆಯ ಅವಶೇಷಗಳು, ಗುಮ್ಮಟ ಹೊದೆಸಿದ ಹಮ್ಮಾಮಿನ ಕೋಣೆಗಳು. ಜಾರ್ಜ್ ಮಿಚೆಲ್ ಮತ್ತು ರಿಚರ್ಡ್ ಈಟನ್ ಎಂಬ ವಿದ್ವಾಂಸರು ಈ ಊರಿನ ಮೇಲೆಯೇ ಪುಸ್ತಕ ಬರೆದಿದ್ದಾರೆ. ಬೀದರಿಗೆ ಹೋಗುವವರು ನೂರು ಜನ, ಫಿರೋಜಾಬಾದಿಗೆ ಹೋಗುವವರು ಒಬ್ಬರೂ ಇಲ್ಲ.

ಫಿರೋಜನ ತಮ್ಮ ಅಹಮದ್ ಶಹಾ ರಾಜಧಾನಿಯನ್ನು ಬೀದರಿಗೆ ಒಯ್ದ. ಅಲ್ಲಿಯ ಕೋಟೆಯೊಳಗೆ, ಲಾಲ್ ಬಾಗ್ ಮತ್ತು ಸೋಲಾ ಖಂಬ ಮಸೀದಿಯ ಹತ್ತಿರ, ಅರಮನೆಯ ಅಡುಗೆಮನೆಯ ನೆರೆಯಲ್ಲೇ ಶಾಹಿ ಹಮ್ಮಾಮ್ ಇದೆ. ಹಿಂದೆ ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆಯ ಗುಲಾಮ್ ಯಜ್ದಾನಿ ಬೀದರಿನ ಸ್ಮಾರಕಗಳನ್ನು ಒಂದೊಂದಾಗಿ ಅಳೆದು, ದುರಸ್ತಿ ಮಾಡಿಸಿ, 1947ರಲ್ಲಿ ದೊಡ್ಡ ಗ್ರಂಥ ಪ್ರಕಟಿಸಿದರು. ಇಂದು ಆ ಹಮ್ಮಾಮ್ ಕಟ್ಟಡದಲ್ಲೇ ಪುರಾತತ್ವ ವಸ್ತುಸಂಗ್ರಹಾಲಯವಿದೆ.

ಇಲ್ಲೇ ನನಗೆ ಒಂದು ಬೇಸರ. ಪ್ರವಾಸಕ್ಕೆ ಹೋದ ನಾವು ಆ ಬಾಗಿಲಿನಿಂದ ಒಳಗೆ ಹೋಗುತ್ತೇವೆ, ಅಲ್ಲಿಟ್ಟ ಶಿಲ್ಪ, ಆಯುಧಗಳನ್ನು ನೋಡಿ ಹೊರಗೆ ಬರುತ್ತೇವೆ. ಅಲ್ಲಿ ಇಟ್ಟಿರುವ ಎಲ್ಲಕ್ಕಿಂತ ದೊಡ್ಡ ವಸ್ತು ಆ ಕಟ್ಟಡವೇ. ಅದನ್ನು ಯಾರೂ ನೋಡುವುದಿಲ್ಲ. ವರ್ಷಗಳ ಹಿಂದೆ ನಾನೂ ಮೊದಲ ಸಲ ಹೋದಾಗ ನೋಡಲಿಲ್ಲ. ಹೊರಗೆ ಬಂದು ಬಸ್ಸು ಹತ್ತಿದ ಮೇಲೆ ಸಹೋದ್ಯೋಗಿಯೊಬ್ಬರು "ಹಮ್ಮಾಮ್ ಹೆಂಗಿತ್ರಿ?" ಎಂದಾಗ, "ಅದೆಲ್ಲಿತ್ತು?" ಎಂದಿದ್ದೆ. ಅದಕ್ಕೇ ಈಗ ತಲೆ ಎತ್ತಿ ಗುಮ್ಮಟ ನೋಡಿ, ಗೋಡೆಯ ದಪ್ಪ ನೋಡಿ ಎಂದು ಎಲ್ಲರಿಗೂ ಹೇಳುತ್ತಿರುತ್ತೇನೆ.

ನೀರಿಲ್ಲದೆ ಹಮ್ಮಾಮಿಲ್ಲ. ಬೀದರ್ ಇರುವುದು ಎತ್ತರದ ಕೆಂಪುಕಲ್ಲಿನ ಪ್ರಸ್ಥಭೂಮಿಯ ಮೇಲೆ, ಪಕ್ಕದಲ್ಲಿ ಹೊಳೆಯಿಲ್ಲ. ಅಲ್ಲಿಗೆ ಇರಾನಿನ ಇನ್ನೊಂದು ವಿದ್ಯೆ ಬಂತು: ಕರೇಜ್. ನೆಲದೊಳಗೆ ಸುರಂಗ ತೋಡಿ, ಅಂತರ್ಜಲವನ್ನು ಇಳಿಜಾರಿನಲ್ಲಿ ತಾನಾಗಿಯೇ ಹರಿಸಿ ತರುವುದು. ಅಲ್ಲಲ್ಲಿ ಮೇಲಿನಿಂದ ಬಾವಿಯಂತಹ ಕಂಡಿಗಳು, ಗಾಳಿಗೂ ಹೂಳು ತೆಗೆಯುವುದಕ್ಕೂ. ಬೀದರಿನ ನೌಬಾದ್ ಕರೇಜನ್ನು ಇತ್ತೀಚಿನ ವರ್ಷಗಳಲ್ಲಿ ಹೂಳು ತೆಗೆದು ತೋರಿಸಲಾಗಿದೆ. ವಿಜಯಪುರದ ಆದಿಲ್‌ಶಾಹಿ ಅರಸರೂ ತೊರವಿ ಕಡೆಯಿಂದ ಸುರಂಗದಲ್ಲಿ ನೀರು ತಂದರು, ಅದೇ ಸುರಂಗ ಬಾವಡಿ. ದಖ್ಖನ್ ಪ್ರಸ್ಥಭೂಮಿಯ ಈ ಜಲವ್ಯವಸ್ಥೆಗಳನ್ನು ವಿಶ್ವ ಸ್ಮಾರಕ ನಿಧಿ 2020ರ ತನ್ನ ಕಾಳಜಿಯ ಪಟ್ಟಿಗೆ ಸೇರಿಸಿತು.

ವಿಜಯಪುರ ನಮಗೆ ದೂರವಲ್ಲ. ನಮ್ಮ ಹೊಳೆಆಲೂರು ನಿಲ್ದಾಣದಲ್ಲಿ ರೈಲು ಹತ್ತಿದರೆ ಬಾದಾಮಿ, ಬಾಗಲಕೋಟೆ ದಾಟಿ ನೇರ ಅಲ್ಲಿಗೇ. ಅಲ್ಲಿಯ ಸಾತ್ ಮಂಜಿಲ್ ಅರಮನೆಯಲ್ಲಿ ಮೇಲಿನ ಅಂತಸ್ತುಗಳಿಗೂ ನೀರು ಹೋಗುವ ಕೊಳವೆಗಳು, ತೊಟ್ಟಿಗಳಿದ್ದವು. ಹತ್ತಿರದ ಕುಮಟಗಿಯಲ್ಲಿ ಕೆರೆಯ ನೀರನ್ನು ಮೇಲೆತ್ತಿ ಮಂಟಪದ ಛಾವಣಿಯಿಂದ ಮಳೆಯಂತೆ ಸುರಿಸುವ ವ್ಯವಸ್ಥೆ ಮಾಡಿದ್ದರು. ಗಮನಿಸಿ, ಇಲ್ಲಿ ಒಲೆ ಹಿಂದೆ ಸರಿಯಿತು, ತಣ್ಣೀರು ಮುಂದೆ ಬಂತು. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಯಾರು ತಾನೇ ದುಡ್ಡು ಕೊಟ್ಟು ಬೆವರುತ್ತಾರೆ?

ನನ್ನ ಪ್ರಕಾರ ನಮ್ಮ ಸೀಮೆಯಲ್ಲಿ ಹಮ್ಮಾಮು ಅರಮನೆಯ ಗೋಡೆ ದಾಟಿ ಊರಿನ ಬೀದಿಗೆ ಬಾರದಿರಲು ಇದೇ ಕಾರಣ. ನಮಗೆ ಬೆವರಲು ಕಟ್ಟಡ ಬೇಕಿಲ್ಲ. ಹೊಳೆ, ಬಾವಿ, ಕೆರೆ ಸಾಕಿತ್ತು. ಕಟ್ಟಿಗೆ ಅಡುಗೆಗೇ ಸಾಲದ ಬಯಲುಸೀಮೆ ಬೇರೆ. ಬಾಬರ್ ತನ್ನ ಆತ್ಮಕಥೆಯಲ್ಲಿ ಹಿಂದೂಸ್ತಾನದ ಸೆಕೆ, ಗಾಳಿ, ಧೂಳು ಮೂರಕ್ಕೂ ಹಮ್ಮಾಮೇ ಮದ್ದು ಎಂಬರ್ಥದ ಮಾತು ಬರೆದಿದ್ದಾನೆ. ಆದರೆ ಆತ ಬಂದದ್ದು ಹಿಮ ಬೀಳುವ ನಾಡಿನಿಂದ. ಚಳಿಯಿರುವಲ್ಲಿ ಮಾತ್ರ ಇದು ಜನರದಾಯಿತು. ಕಾಶ್ಮೀರದ ಮಸೀದಿಗಳಲ್ಲಿ ಇಂದಿಗೂ ಕಲ್ಲುಚಪ್ಪಡಿಯ ನೆಲದ ಕೆಳಗೆ ಬೆಂಕಿ ಹಾಕಿದ ಹಮಾಮ್ ಕೋಣೆಗಳಿವೆ. ಚಳಿಗಾಲದಲ್ಲಿ ಮುದುಕರು ನಮಾಜಿನ ನಡುವಿನ ಹೊತ್ತನ್ನು ಅಲ್ಲೇ ಕಳೆಯುತ್ತಾರೆ.

ಇಂಗ್ಲೆಂಡಿಗೆ ಹೋದ ಪಟ್ನಾದವನು

ಈ ಕಥೆಗೆ ಇನ್ನೊಂದು ತಿರುವಿದೆ. 1759ರಲ್ಲಿ ಪಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್ ಎಂಬುವರು ಕಂಪನಿ ಸೈನ್ಯದಲ್ಲಿದ್ದು ಆಮೇಲೆ ಬ್ರಿಟನ್ನಿನ ಕಡೆಗೆ ಹೋದರು. 1794ರಲ್ಲಿ ಅವರ ಪ್ರವಾಸದ ಪುಸ್ತಕ ಬಂತು, ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿದ ಮೊದಲ ಭಾರತೀಯರು ಅವರು. 1810ರಲ್ಲಿ ಲಂಡನ್ನಿನಲ್ಲಿ ಹಿಂದೂಸ್ತಾನಿ ಕಾಫಿ ಹೌಸ್ ತೆರೆದರು, ನಷ್ಟವಾಯಿತು. ಬಳಿಕ ಬ್ರೈಟನ್ ಎಂಬ ಕಡಲ ಊರಿನಲ್ಲಿ ಔಷಧಿಯ ಉಗಿಸ್ನಾನ ಮತ್ತು ಮೈ ಒತ್ತುವ 'ಚಾಂಪು' ಆರಂಭಿಸಿದರು. ಅದು ಎಷ್ಟು ಹೆಸರಾಯಿತೆಂದರೆ ಇಂಗ್ಲೆಂಡಿನ ದೊರೆ 4ನೇ ಜಾರ್ಜ್ ಅವರನ್ನು ತನ್ನ ಸೇವೆಗೆ ನೇಮಿಸಿಕೊಂಡ. ಹಿಂದಿಯ ಚಾಂಪೋ, ಅಂದರೆ ಒತ್ತು ಎಂಬ ಮಾತು ಇಂಗ್ಲಿಷಿನ ಶಾಂಪೂ ಆಯಿತು. ಅದೇ ಇಂದು ಒಂದು ರೂಪಾಯಿಯ ಪುಡಿಕೆಯಾಗಿ ನಮ್ಮ ಕಿರಾಣಿ ಅಂಗಡಿಯ ಮುಂದೆ ತೂಗುತ್ತಿದೆ. ಸಾಬೂನಿಗೆ ಹಮಾಮ್ ಎಂಬ ಅರಬ್ಬಿ ಹೆಸರು, ತಲೆ ತೊಳೆಯುವುದಕ್ಕೆ ಇಂಗ್ಲೆಂಡಿಗೆ ಹೋಗಿ ಬಂದ ಹಿಂದಿ ಹೆಸರು. ನಮ್ಮ ಬಚ್ಚಲ ಗೂಡಿನಲ್ಲಿ ಎರಡೂ ಪಕ್ಕಪಕ್ಕ ಕೂತಿವೆ.

1850ರಲ್ಲಿ ಡೇವಿಡ್ ಅರ್ಕರ್ಟ್ ಎಂಬ ರಾಜತಂತ್ರಜ್ಞ ತನ್ನ ಪ್ರವಾಸ ಗ್ರಂಥದಲ್ಲಿ ಹಮಾಮನ್ನು ಹೊಗಳಿ ಬರೆದ. ಅದನ್ನು ಓದಿದ ಡಾ. ರಿಚರ್ಡ್ ಬಾರ್ಟರ್ ಐರ್ಲೆಂಡಿನಲ್ಲಿ 1856ರ ಹೊತ್ತಿಗೆ ಒಂದನ್ನು ಕಟ್ಟಿಸಿದರು. ಅಲ್ಲಿಂದ 'ಟರ್ಕಿಶ್ ಬಾತ್' ಬ್ರಿಟನ್ನಿನ ಊರೂರಿಗೆ ಹಬ್ಬಿತು. ಒಂದು ಕಾಲಕ್ಕೆ ರೋಮನ್ನರ ಸ್ನಾನಗೃಹಗಳಿದ್ದ ದೇಶಕ್ಕೆ ಅದೇ ವಿದ್ಯೆ ಸಾ‌ವಿರಕ್ಕೂ ಹೆಚ್ಚು ವರ್ಷ ಕಳೆದು, ಅರಬರ ಮತ್ತು ತುರ್ಕರ ಕೈ ದಾಟಿ, ಹೊಸ ಹೆಸರು ಹೊತ್ತು ಮರಳಿತು.

ಆ ಹುಡುಗಿ ಮರುವಾರ ನನ್ನ ಹತ್ತಿರ ಬಂದಿದ್ದಳು. ಈ ವಿಷಯವನ್ನು ಮನೆಯಲ್ಲಿ ಹೇಳಿದಾಗ ಅವಳ ನಾನಿ ನಕ್ಕರಂತೆ. ಅಟ್ಟದ ಮೇಲೆ ಒಂದು ಹಳೆಯ ತಾಮ್ರದ ಬಂಬ ಇದೆ, ನಡುವೆ ಕೆಂಡ ಹಾಕುವ ಕೊಳವೆ, ಸುತ್ತ ನೀರು, ಕೆಳಗೆ ನಳ. ಗ್ಯಾಸು ಬಂದ ಮೇಲೆ ಅದನ್ನು ಮುಟ್ಟಿದವರಿಲ್ಲ. ಮನೆಯವರೆಲ್ಲ ಅದಕ್ಕೆ ಬಂಬ ಎನ್ನುತ್ತಾರೆ. "ನಾನಿ ಮಾತ್ರ ಮೊದಲಿನಿಂದ ಅದಕ್ಕ ಹಮಾಮ ಅಂತನ ಕರೀತಾರ್ರಿ ಸರ. ನಾವು ಅವರಿಗೆ ಗೊತ್ತಾಗೂದಿಲ್ಲ, ಸಾಬೂನಿನ ಹೆಸರು ಹೇಳ್ತಾರ ಅಂದ್ಕೊಂಡಿದ್ವಿ" ಎಂದಳು. ಅದನ್ನು ಮೋಡಕಾಗೆ ಹಾಕಬೇಡಿ ಎಂದು ಹೇಳಿ ಕಳಿಸಿದ್ದೇನೆ. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ತಾಮ್ರ ಹೊಳೆಯುತ್ತದೆ. ಮುಂದಿನ ಕಾಲೇಜು ವಸ್ತುಪ್ರದರ್ಶನಕ್ಕೆ ಅದನ್ನು ತರುವುದಾಗಿ ಒಪ್ಪಿದ್ದಾಳೆ, ಎತ್ತಿ ತರಲು ಇಬ್ಬರು ಹುಡುಗರು ಬೇಕಂತೆ.